ಹಳೆ ಕಂಪ್ಯೂಟರಿಗೆ ದೊಡ್ಡ ಪ್ರೊಸೆಸರ್ ಹಾಕಿದಿರಿ, ಡಿಸ್‌ಪ್ಲೇ ಬರಲಿಲ್ಲ: ಎಲ್ಲಿಂದ ಹುಡುಕಬೇಕು?

ಮನೆಯ ಹಳೆ ಡೆಸ್ಕ್‌ಟಾಪ್‌ನಲ್ಲಿ ಎಚ್61 ಮದರ್‌ಬೋರ್ಡು (ಮುಂದೆ ಬರೀ ಬೋರ್ಡು), ಐ3-2100 ಪ್ರೊಸೆಸರ್ ಇತ್ತು. ಅದನ್ನು ತೆಗೆದು ಸೆಕೆಂಡ್ ಹ್ಯಾಂಡ್ ಐ7-3770 ಕೂರಿಸಿದೆ. ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ಲೈಟು ಬಂತು, ಮಾನಿಟರ್ ಮಾತ್ರ ಕಪ್ಪು. ಎರಡು ಗಂಟೆ ಒದ್ದಾಡಿದೆ. ಮಾರಿದವನನ್ನು ಮನಸ್ಸಿನಲ್ಲೇ ಬೈದೆ. ಕೊನೆಗೆ ಹಳೆ ಐ3 ವಾಪಸ್ ಹಾಕಿದರೆ, ಏನೂ ಆಗೇ ಇಲ್ಲವೇನೋ ಎಂಬಂತೆ ಕಂಪ್ಯೂಟರ್ ಎದ್ದು ಕೂತಿತು. ಹಾಗಂತ ಐ7 ಕೆಟ್ಟಿರಲಿಲ್ಲ. ನನ್ನ ಬೋರ್ಡಿನ ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆದ ತಕ್ಷಣ ಓಡುವ ಬೋರ್ಡಿನೊಳಗಿನ ಪ್ರೋಗ್ರಾಂ, 2011ರದ್ದು. ಐ7-3770 ಮಾರುಕಟ್ಟೆಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ತನ್ನ ನಂತರ ಹುಟ್ಟಿದ ಚಿಪ್‌ನ ಗುರುತು ಅದಕ್ಕೆ ಎಲ್ಲಿಂದ ಬರಬೇಕು?

ಆಮೇಲೆ ಸ್ನೇಹಿತರದ್ದು, ನೆಂಟರದ್ದು ಅಂತ ಇಂಥ ಹತ್ತಾರು ಮಷೀನು ಬಿಚ್ಚಿದ್ದೇನೆ. ನನಗೆ ಕಂಡದ್ದು ಇಷ್ಟು: ಪ್ರೊಸೆಸರ್ ತಾನೇ ಸತ್ತಿರುವುದು ತೀರಾ ಅಪರೂಪ. ದೋಷ ಇರುವುದು ಹೆಚ್ಚಾಗಿ ನಮ್ಮ ಕೈ ಆಡಿದ ಜಾಗದಲ್ಲಿ. ಹಾಕಲು ಮರೆತ ವೈರು, ಅರ್ಧ ಕೂತ ಹೀಟ್‌ಸಿಂಕ್ (ಪ್ರೊಸೆಸರಿನ ಶಾಖ ಹೀರುವ ಲೋಹದ ಭಾಗ), ಹಳೆ ಬಯಾಸ್, ಬಗ್ಗಿದ ಪಿನ್. ಅದಕ್ಕೇ ಹಳೆ ಪ್ರೊಸೆಸರನ್ನು ಕೆಲಸ ಮುಗಿಯುವ ತನಕ ಮಾರಬೇಡಿ, ಯಾರಿಗೂ ಕೊಡಬೇಡಿ. ದೋಷ ಹುಡುಕಲು ಅದಕ್ಕಿಂತ ಒಳ್ಳೆಯ ಸಾಧನ ನಿಮ್ಮ ಹತ್ತಿರ ಇನ್ನೊಂದಿಲ್ಲ.

ಇಲ್ಲಿ ಹೇಳುವುದು ಇಂಟೆಲ್‌ನ ಎಲ್‌ಜಿಎ 1155 ಸಾಕೆಟ್‌ನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಮಷೀನುಗಳ ಬಗ್ಗೆ. ಅಂದರೆ ಎರಡನೇ (ಐ3-2100ರಂಥವು) ಮತ್ತು ಮೂರನೇ (ಐ7-3770ರಂಥವು) ಜನರೇಶನ್. ಆಫೀಸುಗಳಿಂದ ಹೊರಬಿದ್ದ ಈ ಕಾಲದ ಮಾಲು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಈಗಲೂ ಸಿಗುತ್ತದೆ. ಬೇರೆ ಸಾಕೆಟ್‌ನ ಕಂಪ್ಯೂಟರ್ ಇದ್ದರೂ ಹುಡುಕುವ ಕ್ರಮ ಬಹುತೇಕ ಇದೇ.

ಕೈ ಹಾಕುವ ಮುಂಚೆ

ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತಿಡಿ. ಆಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟ್ ಖಾಲಿಯಾಗಲಿ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಾ ಇರಿ. ಚಳಿಗಾಲದ ಒಣ ಹವೆಯಲ್ಲಿ ಸ್ವೆಟರ್ ಹಾಕಿಕೊಂಡು ಈ ಕೆಲಸ ಬೇಡ.

ಎಸ್‌ಎಂಪಿಎಸ್ ಡಬ್ಬವನ್ನು (ಕಂಪ್ಯೂಟರಿನ ಪವರ್ ಸಪ್ಲೈ) ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೋರಾಗಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಇನ್ನೊಂದು ವಿಷಯ. ಕಂಪ್ಯೂಟರ್ ಆನ್ ಇರುವಾಗ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದಾ? ಹಾಗಿದ್ದರೆ ಮನೆಯ ಅರ್ಥಿಂಗ್ ಸರಿ ಇಲ್ಲ, ಇಲ್ಲವೇ ಮೂರು ಪಿನ್ನಿನ ಪ್ಲಗ್ಗನ್ನು ಯಾರೋ ಎರಡು ಪಿನ್ನಿನ ಸಾಕೆಟ್ಟಿಗೆ ತುರುಕಿದ್ದಾರೆ. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಪ್ರೊಸೆಸರ್ ಆಮೇಲೆ.

ಈ ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಬೋರ್ಡಿನ ಮೇಲೆ, ಪ್ರೊಸೆಸರಿನಲ್ಲಿ ಅಲ್ಲ. ಹೆಸರೇ ಹೇಳುವಂತೆ 1155 ಪಿನ್ನು, ಒಂದೊಂದೂ ಕೂದಲಿನಷ್ಟು ಸಣ್ಣದು. ಅಲ್ಲಿಗೆ ಬೆರಳು, ಬಟ್ಟೆ, ಬ್ರಶ್ ಯಾವುದೂ ತಾಗಕೂಡದು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ವೈರು ಎಲ್ಲಿತ್ತು ಅನ್ನುವುದು ಅರ್ಧ ಗಂಟೆಯಲ್ಲಿ ಮರೆತುಹೋಗುತ್ತದೆ.

ಬಟನ್ ಒತ್ತಿದರೆ ಉಸಿರೇ ಇಲ್ಲ

ಫ್ಯಾನೂ ಇಲ್ಲ, ಲೈಟೂ ಇಲ್ಲ ಅಂದರೆ ಪ್ರೊಸೆಸರನ್ನು ಸದ್ಯ ಮರೆತುಬಿಡಿ. ಸ್ಪೈಕ್ ಬಸ್ಟರ್ ಆನ್ ಇದೆಯಾ? ಎಸ್‌ಎಂಪಿಎಸ್ ಹಿಂದಿನ ಪುಟ್ಟ ಸ್ವಿಚ್ ಸೊನ್ನೆಯ ಕಡೆ, ಅಂದರೆ ಆಫ್ ಕಡೆ, ಬಿದ್ದಿದೆಯಾ? ಬೋರ್ಡಿನ 24 ಪಿನ್ನಿನ ಅಗಲ ಕನೆಕ್ಟರ್ ಕೊಂಡಿ ಬೀಳುವ ತನಕ ಕೂತಿದೆಯಾ? ಹೀಟ್‌ಸಿಂಕ್ ಹಾಕುವಾಗ ಕೈ ತಾಗಿ, ಮುಂದಿನ ಪವರ್ ಬಟನ್ನಿನ ಸಣ್ಣ ವೈರು ಬೋರ್ಡಿನಿಂದ ಕಿತ್ತು ಬಂದಿರುವುದು ಬಹಳ ಸಾಮಾನ್ಯ. ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ನೋಡಿ. ಆನ್ ಆದರೆ ತೊಂದರೆ ಬಟನ್ನಿನದೋ ವೈರಿನದೋ. ಯಾವ ಪಿನ್ನು ಅಂತ ಬೋರ್ಡಿನ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರುತ್ತದೆ. ಊಹೆ ಮಾಡಿ ಮುಟ್ಟಿಸಬೇಡಿ.

ಫ್ಯಾನ್ ಒಮ್ಮೆ ಅಲುಗಾಡಿ ನಿಂತುಬಿಟ್ಟರೆ ಎಲ್ಲೋ ಶಾರ್ಟ್ ಆಗಿದೆ ಎಂದು ಅರ್ಥ. ಬಿದ್ದುಹೋದ ಸ್ಕ್ರೂ ಬೋರ್ಡಿನ ಕೆಳಗೆ ಅಥವಾ ಮೇಲೆ ಸಿಕ್ಕಿಕೊಂಡಿದೆಯಾ ಹುಡುಕಿ. ಅದೂ ಇಲ್ಲ ಅಂದರೆ ಗೆಳೆಯರ ಹತ್ತಿರ ಕೆಲಸ ಮಾಡುತ್ತಿರುವ ಎಸ್‌ಎಂಪಿಎಸ್ ಇಸ್ಕೊಂಡು ಹಾಕಿ ನೋಡಿ. ಸುಟ್ಟ ವಾಸನೆ ಬಂದರೆ ಇನ್ನೊಮ್ಮೆ ಆನ್ ಮಾಡಬೇಡಿ. ಅಲ್ಲಿಗೇ ನಿಲ್ಲಿಸಿ. ಒಮ್ಮೆ ಇಂಥದ್ದೇ ವಾಸನೆ ಬಂದ ಎಸ್‌ಎಂಪಿಎಸ್‌ನ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದರೆ, ಒಳಗೆ ಒಂದು ಹಲ್ಲಿ ಸತ್ತು ಒಣಗಿತ್ತು.

ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ

ಅತಿ ಹೆಚ್ಚು ಜನ ಬಂದು ನಿಲ್ಲುವುದು ಇಲ್ಲೇ. ಸ್ವಲ್ಪ ತಾಳ್ಮೆಯಿಂದ ನೋಡೋಣ.

ಮೊದಲು ದುಡ್ಡಿಲ್ಲದ ಪರೀಕ್ಷೆ. ಆನ್ ಮಾಡಿ ಅರ್ಧ ನಿಮಿಷ ಕಾದು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಲೈಟು ಹತ್ತಿ ಆರಿದರೆ ಕಂಪ್ಯೂಟರ್ ಒಳಗೊಳಗೇ ಓಡುತ್ತಿದೆ. ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಆಗ ಮಾನಿಟರ್ ಕೇಬಲ್ಲು, ಪೋರ್ಟು ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಬೋರ್ಡಿನ ವಿಜಿಎ, ಎಚ್‌ಡಿಎಂಐ ಪೋರ್ಟುಗಳಿಗೆ ಚಿತ್ರ ಕೊಡುವುದು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್. ಕೆಲವು ಪ್ರೊಸೆಸರುಗಳಲ್ಲಿ ಅದು ಇರುವುದೇ ಇಲ್ಲ. ಐ5-3350ಪಿ ಅಂಥದ್ದು. ಕಡಿಮೆ ಬೆಲೆಗೆ ಸಿಗುತ್ತೆ ಅಂತ ಜನ ಮುಗಿಬೀಳುವ ಕ್ಸಿಯಾನ್ ಇ3-1230 ವಿ2 ಕೂಡ ಅಂಥದ್ದೇ. ಇವನ್ನು ಹಾಕಿದರೆ ಬೋರ್ಡಿನ ಪೋರ್ಟುಗಳು ಸತ್ತಂತೆಯೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು.

ಎರಡನೆಯದು, ನಾಲ್ಕು ಪಿನ್ನಿನ ಚೌಕ ಕನೆಕ್ಟರ್. ಪ್ರೊಸೆಸರ್ ಹತ್ತಿರವೇ ಇರುತ್ತದೆ, ಹಳದಿ ಮತ್ತು ಕಪ್ಪು ವೈರು. ಪ್ರೊಸೆಸರಿಗೆ 12 ವೋಲ್ಟ್ ಬರುವುದು ಇದರಿಂದ. ಇದನ್ನು ಹಾಕಲು ಮರೆತರೂ ಫ್ಯಾನು, ಲೈಟು ಎಲ್ಲ ಬರುತ್ತದೆ. ಅದೇ ನಮ್ಮನ್ನು ದಾರಿ ತಪ್ಪಿಸುವುದು. ನಾನೂ ಒಮ್ಮೆ ಇದನ್ನು ಮರೆತು ಇಡೀ ಬೋರ್ಡು ಬಿಚ್ಚಿದ್ದೆ.

ಮೂರನೆಯದು ರ‍್ಯಾಮ್. ಎರಡೂ ಕಡ್ಡಿ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದೇ ಕಡ್ಡಿ ಹಾಕಿ ನೋಡಿ. ಆಗಲಿಲ್ಲವಾ? ಅದೇ ಕಡ್ಡಿಯನ್ನು ಪಕ್ಕದ ಸ್ಲಾಟಿಗೆ ಹಾಕಿ ನೋಡಿ.

ಈಗ ನನಗೆ ಬಹಳ ಇಷ್ಟವಾದ ಪರೀಕ್ಷೆ. ಬೋರ್ಡಿನ ಸ್ಪೀಕರ್ ಪಿನ್ನುಗಳಿಗೆ ಹಾಕುವ ಪುಟ್ಟ ಸ್ಪೀಕರ್ ಅಂಗಡಿಗಳಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಅದನ್ನು ಹಾಕಿ. ಪ್ಲಗ್ ಕಿತ್ತು ಎರಡೂ ರ‍್ಯಾಮ್ ಹೊರಗಿಟ್ಟು, ಪ್ಲಗ್ ಮತ್ತೆ ಹಾಕಿ ಆನ್ ಮಾಡಿ. ಬೀಪ್ ಬೀಪ್ ಅಂತ ಗೋಳಾಡಿದರೆ ಸಂತೋಷಪಡಿ. ರ‍್ಯಾಮ್ ಇಲ್ಲ ಎಂದು ಗೊತ್ತಾಗಬೇಕಾದರೆ ಪ್ರೊಸೆಸರ್ ಜೀವಂತ ಇರಬೇಕು, ಬಯಾಸ್ ಓಡುತ್ತಿರಬೇಕು. ಅಂದರೆ ತೊಂದರೆ ರ‍್ಯಾಮ್ ಅಥವಾ ಗ್ರಾಫಿಕ್ಸ್ ಕಡೆಯದು. ರ‍್ಯಾಮ್ ಇಲ್ಲದೆಯೂ ಸದ್ದೇ ಇಲ್ಲ ಅಂದರೆ ಪ್ರೊಸೆಸರ್ ಕೆಲಸ ಶುರು ಮಾಡಿಯೇ ಇಲ್ಲ. ಮುಂದಿನ ಮೂರು ತಪಾಸಣೆ ಅಂಥವರಿಗೆ.

ಒಂದು: ಬಯಾಸ್ ಸೆಟ್ಟಿಂಗ್ ಅಳಿಸಿ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಬಿಲ್ಲೆಯಂಥ ಸೆಲ್ ತೆಗೆದು ಹತ್ತು ನಿಮಿಷ ಬಿಡಿ. ಅದು ಸಿಆರ್2032, 3 ವೋಲ್ಟಿನದು. ಹತ್ತು ವರ್ಷ ಹಳೆಯ ಬೋರ್ಡಿನಲ್ಲಿ ಅದು ಬಹುಶಃ ಸತ್ತೇ ಇರುತ್ತದೆ. ಹೇಗೂ ಕೈ ಹಾಕಿದ್ದೀರಿ, ಹೊಸದೇ ಹಾಕಿಬಿಡಿ.

ಎರಡು: ಪ್ರೊಸೆಸರ್ ಸರಿಯಾದದ್ದೇನಾ ಎಂದು ನೋಡಿ. ಅಂಗಡಿಯವರು ಸುಮ್ನೆ ‘ಐ5’ ಅಂತಾರೆ. ಐ5-650, ಐ5-2400, ಐ5-4570 ಮೂರೂ ಐ5ಗಳೇ, ಮೂರಕ್ಕೂ ಬೇರೆ ಬೇರೆ ಸಾಕೆಟ್. ಈ ಬೋರ್ಡಿಗೆ ಆಗುವುದು ನಡುವಿನದು ಮಾತ್ರ. ಸಾಮಾನ್ಯವಾಗಿ ಗೆರೆಯ ನಂತರದ ಅಂಕಿ 2 ಅಥವಾ 3 ಇರಬೇಕು, ಒಟ್ಟು ನಾಲ್ಕು ಅಂಕಿ ಇರಬೇಕು. ಅದರಲ್ಲೂ ಒಂದು ಕಿಲಾಡಿ ಇದೆ: ಐ7-3820. ನೋಡಲು ನಮ್ಮ ಮನೆಯದ್ದೇ ಅನ್ನಿಸಿದರೂ ಅದು ಕೂರುವುದು ಎಲ್‌ಜಿಎ 2011ರಲ್ಲಿ. ಪ್ರೊಸೆಸರಿನ ಅಂಚಿನ ಎರಡು ಕಚ್ಚುಗಳು ಸಾಕೆಟ್ಟಿನ ಉಬ್ಬಿಗೆ ತಾನಾಗಿ ಹೊಂದಬೇಕು. ಒತ್ತಿ ಕೂರಿಸಬೇಕಾಗಿ ಬಂದರೆ ಅದು ನಿಮ್ಮ ಬೋರ್ಡಿನದಲ್ಲ. ತಲೆಯ ಮೇಲೆ ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂದು ಕೆತ್ತಿದ್ದರೆ ಅದು ಪರೀಕ್ಷೆಗೆಂದು ಮಾಡಿದ ಸ್ಯಾಂಪಲ್. ಬಯಾಸ್ ಅದನ್ನು ಗುರುತಿಸದೇ ಇರಬಹುದು. ವಾಪಸ್ ಕೊಡಿ.

ಮೂರು: ಬಯಾಸ್. ಹಳೆ ಪ್ರೊಸೆಸರ್ ಹಾಕಿದರೆ ಆನ್ ಆಗಿ, ಹೊಸದು ಹಾಕಿದರೆ ಆಗದಿದ್ದರೆ ಮೊದಲ ಅನುಮಾನ ಇದರ ಮೇಲೆ. ಹಳೆಯದನ್ನು ಹಾಕಿಕೊಂಡು ವಿಂಡೋಸ್‌ನಲ್ಲಿ ‘ಎಂಎಸ್‌ಇನ್ಫೋ32’ ಓಡಿಸಿ. ಬೋರ್ಡಿನ ಮಾದರಿ, ಬಯಾಸ್ ಆವೃತ್ತಿ, ತಾರೀಖು ಮೂರೂ ಅಲ್ಲೇ ಇರುತ್ತವೆ. ಬೋರ್ಡ್ ತಯಾರಕರ ಸೈಟಿನಲ್ಲಿ ಪ್ರೊಸೆಸರುಗಳ ಪಟ್ಟಿ ಇರುತ್ತದೆ. ಯಾವ ಚಿಪ್ಪಿಗೆ ಕನಿಷ್ಠ ಯಾವ ಬಯಾಸ್ ಬೇಕು ಎಂದು ಎದುರಿಗೇ ಬರೆದಿರುತ್ತಾರೆ. ಎಚ್61, ಎಚ್67, ಪಿ67, ಝಡ್68 ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ಇರುವ ಬೋರ್ಡುಗಳು ಬಯಾಸ್ ಅಪ್‌ಡೇಟ್ ಆದರೆ ಮೂರನೇ ಜನರೇಶನ್ ಒಪ್ಪಬಲ್ಲವು. ಕ್ಯೂ65, ಕ್ಯೂ67, ಬಿ65 ಚಿಪ್‌ಸೆಟ್‌ಗಳಿಗೆ ಇಂಟೆಲ್ ಆ ಬೆಂಬಲ ಕೊಡಲೇ ಇಲ್ಲ. ಆಫೀಸಿನಿಂದ ಬಂದ ಬ್ರ್ಯಾಂಡೆಡ್ ಮಷೀನುಗಳಲ್ಲಿ ಈ ಕ್ಯೂ ಸಾಲಿನವೇ ಜಾಸ್ತಿ. ಅಂಥದ್ದಕ್ಕೆ ಐ7-3770 ಬದಲು ಐ7-2600 ಹುಡುಕುವುದೇ ಸರಿ. ಬ್ರ್ಯಾಂಡೆಡ್ ಮಷೀನಿನಲ್ಲಿ ಎಚ್61 ಇದ್ದರೂ ಕಂಪನಿ ಹೊಸ ಬಯಾಸ್ ಬಿಟ್ಟಿದೆಯಾ ಎಂದು ನೋಡದೆ ಕೊಳ್ಳಬೇಡಿ.

ಅಪ್‌ಡೇಟ್ ಮಾಡುವಾಗ ಹಳೆ ಪ್ರೊಸೆಸರ್ ಬೋರ್ಡಿನಲ್ಲೇ ಇರಬೇಕು. ಬೋರ್ಡಿನ ಮಾದರಿ ಹೆಸರಿನ ಜೊತೆ ಅದರ ರಿವಿಷನ್ ಸಂಖ್ಯೆಯೂ ಹೊಂದಬೇಕು. ಅದು ಬೋರ್ಡಿನ ಮೇಲೆ ಸಣ್ಣಕ್ಷರದಲ್ಲಿ ಮುದ್ರಿಸಿರುತ್ತದೆ. ಕೆಲವು ಬೋರ್ಡುಗಳಲ್ಲಿ ನೇರ ಕೊನೆಯ ಆವೃತ್ತಿಗೆ ಜಿಗಿಯಲು ಬಿಡುವುದಿಲ್ಲ, ನಡುವಿನದೊಂದನ್ನು ಮೊದಲು ಹಾಕಬೇಕು. ತಯಾರಕರ ಟಿಪ್ಪಣಿ ಓದಿ. ಮುಖ್ಯವಾಗಿ, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಏಳುವುದಿಲ್ಲ. ಮಳೆಗಾಲದ ಸಂಜೆ ಗುಡುಗುತ್ತಿರುವಾಗ ಮಾಡಿ ಅನುಭವಿಸಿದವರನ್ನು ನೋಡಿದ್ದೇನೆ. ಹಾಗೇನಾದರೂ ಆದರೆ ಬಯಾಸ್ ಐಸಿಗೆ ಪ್ರೋಗ್ರಾಂ ತುಂಬುವ ಯಂತ್ರ ಇರುವ ರಿಪೇರಿಯವರ ಹತ್ತಿರ ಹೋಗಬೇಕು. ಮನೆಯಲ್ಲಿ ಆಗುವ ಕೆಲಸ ಅಲ್ಲ.

ಹೊಸದಾಗಲಿ ಹಳೆಯದಾಗಲಿ, ಯಾವ ಪ್ರೊಸೆಸರಿಗೂ ಡಿಸ್‌ಪ್ಲೇ ಬರುತ್ತಿಲ್ಲವಾ? ಮೊದಲು ಬರುತ್ತಿತ್ತು ತಾನೇ? ಹಾಗಿದ್ದರೆ ಬದಲಾಯಿಸುವಾಗ ಸಾಕೆಟ್ಟಿನ ಪಿನ್ನಿಗೆ ಏನೋ ಆಗಿದೆ. ಪ್ರೊಸೆಸರ್ ತೆಗೆದು, ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು, ನಾಲ್ಕೂ ದಿಕ್ಕಿನಿಂದ ನೋಡಿ. ಭತ್ತದ ಗದ್ದೆಯ ನಾಟಿಯ ಹಾಗೆ ಸಾಲು ಒಂದೇ ಸಮ ಹೊಳೆಯಬೇಕು. ಒಂದು ಪಿನ್ನು ಬೇರೆ ಥರ ಹೊಳೆದರೆ ಅದೇ ಬಗ್ಗಿರುವುದು. ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಇನ್ನೂ ಸುಲಭ. ಒಂದೋ ಎರಡೋ ಸ್ವಲ್ಪ ವಾಲಿದ್ದರೆ, ಗಟ್ಟಿ ಕೈ ಇರುವವರು ಸಪುರ ಸೂಜಿಯಿಂದ ನಿಧಾನವಾಗಿ ಸರಿಮಾಡಬಹುದು. ನನ್ನ ಮಾತು ಕೇಳುವುದಾದರೆ ಮೈಕ್ರೋಸ್ಕೋಪ್ ಇಟ್ಟುಕೊಂಡಿರುವ ಮೊಬೈಲ್ ರಿಪೇರಿಯವರ ಹತ್ತಿರ ಒಯ್ಯಿರಿ. ಅವರಿಗೆ ಇದು ದಿನದ ಕೆಲಸ. ಪಿನ್ ಮುರಿದಿದ್ದರೆ ಬೋರ್ಡಿನ ಆಸೆ ಬಿಡುವುದೇ ಲೇಸು.

ಆನ್ ಆಗಿ ಅರ್ಧ ನಿಮಿಷದಲ್ಲಿ ಆಫ್

ಇದು ಹೀಟ್‌ಸಿಂಕ್ ಕೂಗಿ ಹೇಳುತ್ತಿರುವ ಮಾತು. ಪ್ರೊಸೆಸರ್ ಮಿತಿ ಮೀರಿ ಕಾದು, ತನ್ನನ್ನು ಉಳಿಸಿಕೊಳ್ಳಲು ಕಂಪ್ಯೂಟರನ್ನೇ ಆರಿಸುತ್ತಿದೆ. ‘ಇನ್ನೊಂದು ಸಲ ನೋಡೋಣ’ ಅಂತ ಮತ್ತೆ ಮತ್ತೆ ಆನ್ ಮಾಡಬೇಡಿ.

ಪ್ರೊಸೆಸರ್ ಬಾಕ್ಸಿನಲ್ಲೇ ಬರುವ ಇಂಟೆಲ್ ಕೂಲರ್‌ಗೆ (ಹೀಟ್‌ಸಿಂಕ್, ಫ್ಯಾನ್ ಸೇರಿದ್ದು) ನಾಲ್ಕು ಮೂಲೆಯಲ್ಲಿ ಒತ್ತುವ ಕಪ್ಪು ಗುಬ್ಬಿಗಳಿರುತ್ತವೆ. ಅದರ ಮೇಲಿನ ಬಾಣ ತೋರಿಸುವುದು ತೆಗೆಯಲು ತಿರುಗಿಸುವ ದಿಕ್ಕು. ಹಾಕುವಾಗ ಅದಕ್ಕೆ ಉಲ್ಟಾ ತಿರುಗಿಸಿಟ್ಟು, ಎದುರುಬದುರು ಮೂಲೆಗಳನ್ನು ಜೋಡಿಯಾಗಿ ‘ಟಕ್’ ಅನ್ನುವ ತನಕ ಒತ್ತಬೇಕು. ಇದನ್ನು ತಪ್ಪಾಗಿ ಹಾಕದವರೇ ಇಲ್ಲ. ಮೂರು ಕೂತು ಒಂದು ತೇಲಿದರೂ ಸಾಕು, ತಳ ಪ್ರೊಸೆಸರಿಗೆ ತಾಗುವುದಿಲ್ಲ. ಬೋರ್ಡಿನ ಬೆನ್ನು ಕಾಣುವಂತಿದ್ದರೆ ಅಲ್ಲಿಂದ ನೋಡಿ. ನಾಲ್ಕೂ ಕಾಲುಗಳು ತೂತಿನಿಂದ ಪೂರ್ತಿ ಹೊರಬಂದು ಅರಳಿರಬೇಕು. ಹೀಟ್‌ಸಿಂಕ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಅಲುಗಬಾರದು.

ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟ್ ಹಳೆಯದನ್ನು ಹಾಗೇ ಬಿಟ್ಟು ಅದರ ಮೇಲೇ ಕೂರಿಸಿದ್ದರೆ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಎರಡೂ ಮುಖ ಒರೆಸಿ, ಆರಿದ ಮೇಲೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಡಿ, ಸಾಕು. ದೋಸೆಗೆ ಬೆಣ್ಣೆ ಸವರಿದ ಹಾಗೆ ಸವರುವುದು ಬೇಡ. ಹೊಸ ಕೂಲರ್ ಆಗಿದ್ದರೆ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ನಗಬೇಡಿ, ಎಷ್ಟೋ ಕಡೆ ಅದೇ ಕಾರಣ.

ಫ್ಯಾನಿನ ವೈರು ‘ಸಿಪಿಯು ಫ್ಯಾನ್’ ಎಂದು ಬರೆದ ಜಾಗಕ್ಕೇ ಹೋಗಬೇಕು. ಪಕ್ಕದ ಇನ್ನೊಂದಕ್ಕೆ ಹಾಕಿದರೂ ತಿರುಗುತ್ತದೆ, ಆದರೆ ಆನ್ ಆಗುವಾಗ ‘ಸಿಪಿಯು ಫ್ಯಾನ್ ಎರರ್’ ಎಂದು ಬರುತ್ತದೆ.

ಹೀಟ್‌ಸಿಂಕ್ ತಣ್ಣಗಿದ್ದೂ, ಎರಡು ಮೂರು ಸೆಕೆಂಡಿಗೊಮ್ಮೆ ತಾನೇ ಆಫ್, ತಾನೇ ಆನ್ ಆಗುತ್ತಿದ್ದರೆ ಅದು ಬಿಸಿಯ ಸಮಸ್ಯೆ ಅಲ್ಲ. ಮೇಲೆ ಹೇಳಿದ ಬಯಾಸ್, ರ‍್ಯಾಮ್, ಇಲ್ಲವೇ 12 ವೋಲ್ಟ್ ವೈರಿನ ಕಡೆ ಹೋಗಿ.

ಓಡುತ್ತೆ, ಆದರೆ ವಿಪರೀತ ಬಿಸಿ

ಬಯಾಸ್ ಒಳಗೆ ಹೋಗಿ ತಾಪ ನೋಡಿ. 40ರಿಂದ 55 ಡಿಗ್ರಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬಯಾಸ್‌ನಲ್ಲಿದ್ದಾಗ ಪ್ರೊಸೆಸರ್ ಪೂರ್ತಿ ವಿಶ್ರಾಂತಿಗೆ ಹೋಗುವುದಿಲ್ಲ, ಹಾಗಾಗಿ ವಿಂಡೋಸ್‌ನಲ್ಲಿ ಸುಮ್ಮನೆ ಕೂತಾಗ ಕಾಣುವುದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಕೂತಲ್ಲೇ ಒಂದು ನಿಮಿಷದಲ್ಲಿ 80 ದಾಟಿದರೆ ಮಾತ್ರ ತಕ್ಷಣ ಆಫ್ ಮಾಡಿ ಹೀಟ್‌ಸಿಂಕ್ ಮತ್ತೆ ಕೂರಿಸಿ.

ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂ ಮಾನಿಟರ್ ಅಥವಾ ಕೋರ್ ಟೆಂಪ್ ಹಾಕಿಕೊಂಡು, ಭಾರದ ಕೆಲಸ ಒಂದನ್ನು ಕಾಲು ಗಂಟೆ ಓಡಿಸಿ. 70-85ರ ನಡುವೆ ನಿಂತರೆ ಬಾಕ್ಸ್ ಕೂಲರಿಗೆ ಅದು ಸಹಜ. 95 ಮುಟ್ಟಿದರೆ ನಿಲ್ಲಿಸಿ. ಕಲಬುರಗಿಯ ಮೇ ತಿಂಗಳಿಗೂ ಬೆಂಗಳೂರಿನ ಡಿಸೆಂಬರಿಗೂ ಒಂದೇ ಅಳತೆಗೋಲು ಬೇಡ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಇಲ್ಲಿ ವಾಟ್ ಲೆಕ್ಕ ಮುಖ್ಯ. ಐ3-2100 65 ವಾಟಿನದು. ಐ5-2400, ಐ7-2600 ಎರಡೂ 95 ವಾಟ್. ಐ5-3470, ಐ7-3770 77 ವಾಟ್. ಐ3ರ ಜೊತೆ ಬಂದ ತೆಳು ಅಲ್ಯುಮಿನಿಯಂ ಕೂಲರ್ 95 ವಾಟಿಗೆ ಸಾಲದು. ತಳದ ನಡುವೆ ತಾಮ್ರದ ಬಿಲ್ಲೆ ಕಾಣುವ ಎತ್ತರದ ಕೂಲರ್ ಹುಡುಕಿ. ಕಡಿಮೆ ಬೆಲೆಯ ಎಚ್61 ಬೋರ್ಡುಗಳಲ್ಲಿ ಪ್ರೊಸೆಸರಿಗೆ ಕರೆಂಟ್ ಹದಮಾಡಿ ಕೊಡುವ ಭಾಗಕ್ಕೆ ಹೀಟ್‌ಸಿಂಕೇ ಇರುವುದಿಲ್ಲ. 95 ವಾಟಿನ ಚಿಪ್ಪಿಗೆ ಗಂಟೆಗಟ್ಟಲೆ ವಿಡಿಯೊ ರೆಂಡರ್ ಕೊಟ್ಟರೆ ಆ ಭಾಗ ಬೇಯುತ್ತದೆ. ಪ್ರೊಸೆಸರ್ ತಾಪ ಸರಿ ಇದ್ದೂ ವೇಗ ಕುಸಿದರೆ ಅಥವಾ ದಿಢೀರ್ ಆಫ್ ಆದರೆ ಅನುಮಾನ ಅದರ ಮೇಲೆ. ಬಯಾಸ್ ಅವಕಾಶ ಕೊಟ್ಟರೆ 77 ವಾಟಿನದನ್ನೇ ಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಒಂದು ಸೋಜಿಗ ಇದೆ. ವಾಟ್ ಕಡಿಮೆ ಇದ್ದರೂ ಮೂರನೇ ಜನರೇಶನ್ನಿನ ಒಳ ತಾಪ ಜಾಸ್ತಿ ತೋರಿಸುತ್ತದೆ. ಎರಡನೇ ಜನರೇಶನ್ನಿನಲ್ಲಿ ಚಿಪ್ಪನ್ನು ಮೇಲಿನ ಲೋಹದ ಮುಚ್ಚಳಕ್ಕೆ ಬೆಸುಗೆ ಹಾಕಿದ್ದರು. ಮೂರನೆಯದರಲ್ಲಿ ಬೆಸುಗೆ ಬಿಟ್ಟು ಪೇಸ್ಟ್ ಹಾಕಿದರು. ಶಾಖ ಹೊರಬರುವ ದಾರಿ ಅಲ್ಲೇ ಸ್ವಲ್ಪ ಬಿಗಿಯಾಯಿತು. ಆ ಮುಚ್ಚಳ ಕಿತ್ತು ಪೇಸ್ಟ್ ಬದಲಿಸುವ ವಿಡಿಯೊಗಳನ್ನು ನೋಡಿ ಖುಷಿಪಡಿ, ಮಾಡಲು ಮಾತ್ರ ಹೋಗಬೇಡಿ.

ಅರ್ಧ ರ‍್ಯಾಮ್ ಮಾಯ

4 ಜಿಬಿಯ ಎರಡು ಕಡ್ಡಿ ಹಾಕಿದ್ದೀರಿ, ತೋರಿಸುವುದು 4 ಮಾತ್ರ. ಇದು ರ‍್ಯಾಮ್ ದೋಷ ಅಂತ ಜನ ಹೊಸ ರ‍್ಯಾಮ್ ಕೊಂಡು ದುಡ್ಡು ಕಳೆಯುತ್ತಾರೆ. ಈ ತಲೆಮಾರಿನಲ್ಲಿ ರ‍್ಯಾಮನ್ನು ನಡೆಸುವುದು ಪ್ರೊಸೆಸರ್ ಒಳಗಿನ ಭಾಗವೇ. ಎಚ್61ರಲ್ಲಿ ಇರುವುದು ಎರಡೇ ಸ್ಲಾಟು, ಒಂದೊಂದಕ್ಕೂ ಬೇರೆ ದಾರಿ. ಒಂದು ಪಿನ್ನು ತಾಗದಿದ್ದರೂ ಒಂದು ದಾರಿ ಮುಚ್ಚುತ್ತದೆ.

ಕಡ್ಡಿಗಳನ್ನು ಅದಲುಬದಲು ಮಾಡಿ. ದೋಷ ಕಡ್ಡಿಯ ಜೊತೆ ಹೋದರೆ ಕಡ್ಡಿಯದು. ಸ್ಲಾಟಿನಲ್ಲೇ ಉಳಿದರೆ ಹೀಟ್‌ಸಿಂಕ್ ಬಿಚ್ಚಿ, ಪ್ರೊಸೆಸರ್ ತೆಗೆದು, ಅದರ ತಳದ ಚುಕ್ಕೆಗಳನ್ನು ಆಲ್ಕೊಹಾಲಿನಿಂದ ಒರೆಸಿ ಮತ್ತೆ ಕೂರಿಸಿ. ಪೇಸ್ಟಿನ ಒಂದು ಕಲೆ ಅಲ್ಲಿ ಅಂಟಿದ್ದರೂ ಹೀಗಾಗುತ್ತದೆ. ಸ್ಕ್ರೂ ಇರುವ ಕೂಲರ್ ಆದರೆ ಒಂದು ಮೂಲೆ ಜಾಸ್ತಿ ಬಿಗಿದಿರಬಹುದು, ನಾಲ್ಕೂ ಸಮ ಮಾಡಿ. ಹಾಗೂ ಆಗದಿದ್ದರೆ ಹಳೆ ಪ್ರೊಸೆಸರ್ ಹಾಕಿ. ಅದರಲ್ಲಿ ಎರಡೂ ಸ್ಲಾಟ್ ಸರಿಯಾದರೆ ಹೊಸ ಪ್ರೊಸೆಸರಿನದೇ ದೋಷ. ಈ ಒಂದು ಪರೀಕ್ಷೆ ಹೇಳಿ ನೀವು ಅದನ್ನು ಧೈರ್ಯವಾಗಿ ವಾಪಸ್ ಕೊಡಬಹುದು. ಹಳೆಯದರಲ್ಲೂ ಒಂದೇ ಸ್ಲಾಟ್ ಅಂದರೆ ಪಿನ್ನು.

ಬಯಾಸ್ ಬರುತ್ತೆ, ವಿಂಡೋಸ್ ಹೊತ್ತಿಗೆ ನೀಲಿ ಪರದೆ

ಅಲ್ಲಿ 7ಬಿ ಎಂದು ಕೊನೆಯಾಗುವ ಸಂಖ್ಯೆ ಅಥವಾ ‘ಇನಾಕ್ಸೆಸಿಬಲ್ ಬೂಟ್ ಡಿವೈಸ್’ ಎಂದಿದ್ದರೆ ನಿಟ್ಟುಸಿರು ಬಿಡಿ. ಸೆಲ್ ತೆಗೆದಾಗ ಅಥವಾ ಬಯಾಸ್ ಅಪ್‌ಡೇಟ್ ಆದಾಗ ಸಾಟಾ ಸೆಟ್ಟಿಂಗ್ (ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ) ಎಎಚ್‌ಸಿಐ ಇದ್ದದ್ದು ಐಡಿಇ ಆಗಿರುತ್ತದೆ, ಅಥವಾ ಉಲ್ಟಾ. ಬಯಾಸ್‌ಗೆ ಹೋಗಿ ಮೊದಲಿದ್ದ ಹಾಗೆ ಮಾಡಿ. ವಿಂಡೋಸ್ ಮತ್ತೆ ಹಾಕಬೇಕು ಅಂತ ಯಾರಾದರೂ ಹೇಳಿದರೆ ಇದನ್ನು ನೋಡಿದ್ದೀರಾ ಎಂದು ಕೇಳಿ.

124 ಎಂದು ಕೊನೆಯಾದರೆ, ಇಲ್ಲವೇ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ ದೂರುಗಳು ಸಾಲಾಗಿದ್ದರೆ ಅದು ಹಾರ್ಡ್‌ವೇರ್ ಕಡೆಯ ಗಂಭೀರ ಸೂಚನೆ. ತಾಪ, 12 ವೋಲ್ಟ್, ರ‍್ಯಾಮ್ ಈ ಕ್ರಮದಲ್ಲಿ ನೋಡಿ. ಬಯಾಸ್‌ನ ಮಾನಿಟರ್ ಪುಟದಲ್ಲಿ 12 ವೋಲ್ಟ್ ಸಾಲು 11.4ರಿಂದ 12.6ರ ಒಳಗೆ ಇರಬೇಕು. ರ‍್ಯಾಮಿಗೆ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಲಿ. ಲೋಕಲ್ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ ‘450 ವಾಟ್’ ಎಂದು ಬರೆದಿರುತ್ತದೆ. ನಂಬಬೇಡಿ. ಲೇಬಲ್ಲಿನಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. ನಿಜವಾದ ಬಲ ಅಷ್ಟೇ.

ಪರದೆಯ ಅಕ್ಷರ ದೊಡ್ಡದಾಗಿ ಮಸುಕಾಗಿದ್ದರೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಮತ್ತೆ ಹಾಕಿ. ಐ3-2100ರಲ್ಲಿ ಇದ್ದದ್ದು ಎಚ್‌ಡಿ 2000, ಐ7-3770ರಲ್ಲಿ ಇರುವುದು ಎಚ್‌ಡಿ 4000. ವೆಬ್‌ಸೈಟುಗಳೆಲ್ಲ ‘ಸುರಕ್ಷಿತವಲ್ಲ’ ಅಂದರೆ ಗಡಿಯಾರ ಹಳೆ ವರ್ಷಕ್ಕೆ ಹೋಗಿದೆ. ತಾರೀಖು ಸರಿಮಾಡಿ.

ಎಲ್ಲ ಸರಿ, ಆದರೆ ಮೊದಲಿನಷ್ಟೇ ನಿಧಾನ

ಬೇಸರದ ಮಾತು, ಆದರೆ ಹೇಳಲೇಬೇಕು. ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ 100 ಪರ್ಸೆಂಟ್ ಕೆಂಪಾಗಿ ಕೂತಿದೆಯಾ? ಹಾಗಿದ್ದರೆ ನಿಮ್ಮ ತೊಂದರೆ ಹಾರ್ಡ್‌ಡಿಸ್ಕಿನದು, ಪ್ರೊಸೆಸರಿನದು ಆಗಿರಲೇ ಇಲ್ಲ. ಹಳೆ ಮಷೀನಿಗೆ ಮೊದಲು ಎಸ್‌ಎಸ್‌ಡಿ, ಆಮೇಲೆ 8 ಜಿಬಿ ರ‍್ಯಾಮ್, ಕೊನೆಗೆ ಪ್ರೊಸೆಸರ್. ಬ್ರೌಸರ್, ಟೈಪಿಂಗ್, ಆನ್‌ಲೈನ್ ಕ್ಲಾಸಿಗೆ ಐ3-2100ರ ಜೊತೆ ಎಸ್‌ಎಸ್‌ಡಿ ಇದ್ದರೆ, ಹಾರ್ಡ್‌ಡಿಸ್ಕ್ ಇರುವ ಐ7ಗಿಂತ ಚುರುಕಾಗಿ ಓಡುತ್ತದೆ.

ಡಿಸ್ಕ್ ಸರಿ ಇದ್ದರೆ ಪ್ರೊಸೆಸರ್ ವೇಗ ನೋಡಿ. ಸುಮ್ಮನೆ ಇದ್ದಾಗ 1.6 ಗಿಗಾಹರ್ಟ್ಸ್ ತೋರಿಸುವುದು ಸಹಜ. ಕೆಲಸ ಕೊಟ್ಟಾಗ ಐ7-3770 3.4ರ ಮೇಲೆ ಹೋಗಬೇಕು. ಆಗಲೂ 1.6ರಲ್ಲೇ ಅಂಟಿಕೊಂಡಿದ್ದರೆ ಪವರ್ ಪ್ಲ್ಯಾನ್ ಬದಲಿಸಿ, ತಾಪ ನೋಡಿ. ಎಂಟು ಥ್ರೆಡ್ (ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಲಾಜಿಕಲ್ ಪ್ರೊಸೆಸರ್’) ಬದಲು ನಾಲ್ಕೇ ಕಂಡರೆ ಬಯಾಸ್‌ನಲ್ಲಿ ಹೈಪರ್‌ಥ್ರೆಡಿಂಗ್ ಆಫ್ ಇದೆಯಾ, ‘ಎಂಎಸ್‌ಕಾನ್ಫಿಗ್’ನ ಬೂಟ್ ಭಾಗದಲ್ಲಿ ಯಾರೋ ಪ್ರೊಸೆಸರ್ ಸಂಖ್ಯೆ ಕಟ್ಟಿಹಾಕಿದ್ದಾರಾ ನೋಡಿ. ಐ5-3470 ಆಗಿದ್ದರೆ ನಾಲ್ಕೇ ಇರುವುದು, ಹುಡುಕಬೇಡಿ.

ವಿಂಡೋಸ್ 11ರ ಆಸೆಯಿಂದ ಇಷ್ಟೆಲ್ಲ ಮಾಡುತ್ತಿದ್ದರೆ ಕೊಳ್ಳುವ ಮೊದಲೇ ಯೋಚಿಸಿ. ಮೈಕ್ರೋಸಾಫ್ಟ್ ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ಜನರೇಶನ್ನಿನಿಂದ ಈಚೆಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಮಷೀನಿಗೆ ಲಿನಕ್ಸ್ ಚೆನ್ನಾಗಿ ಹೊಂದುತ್ತದೆ, ನನ್ನದು ಈಗ ಅದರಲ್ಲೇ ಓಡುತ್ತಿದೆ.

ಅಂಗಡಿಗೆ ಒಯ್ಯುವಾಗ

ಬೋರ್ಡಿನ ಕೆಪಾಸಿಟರ್ ತಲೆ ಉಬ್ಬಿದ್ದರೆ, ಸಾಕೆಟ್ ಸುತ್ತ ಸುಟ್ಟ ಕಲೆ ಇದ್ದರೆ, ಪಿನ್ ಮುರಿದಿದ್ದರೆ, ಬಯಾಸ್ ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಮನೆಯ ಪ್ರಯೋಗ ಸಾಕು. ಒಯ್ಯುವ ಮೊದಲು ಸಾಕೆಟ್ಟಿನ ಫೋಟೊ ತೆಗೆದುಕೊಳ್ಳಿ. ‘ಪಿನ್ ಮೊದಲೇ ಬಗ್ಗಿತ್ತು ಸಾರ್’ ಎಂಬ ಮಾತು ಕೇಳುವುದು ತಪ್ಪುತ್ತದೆ. ಎರಡೂ ಪ್ರೊಸೆಸರುಗಳನ್ನು ಜೊತೆಗೆ ಒಯ್ಯಿರಿ. ‘ಆನ್ ಆಗ್ತಿಲ್ಲ’ ಅಂತಷ್ಟೇ ಹೇಳಬೇಡಿ. ಬೋರ್ಡಿನ ಮಾದರಿ, ಬಯಾಸ್ ಆವೃತ್ತಿ, ರ‍್ಯಾಮ್ ಇಲ್ಲದೆ ಬೀಪ್ ಬಂತೋ ಇಲ್ಲವೋ, ಹಳೆ ಪ್ರೊಸೆಸರಿಗೆ ಏನಾಯಿತು, ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಡಿ. ಗೊತ್ತಿರುವ ರಿಪೇರಿಯವನಾದರೆ ಆ ಚೀಟಿ ಓದುತ್ತಲೇ ಎಲ್ಲಿ ಕೈ ಹಾಕಬೇಕು ಎಂದು ತಿಳಿಯುತ್ತದೆ. ಚೀಟಿ ಪಕ್ಕಕ್ಕಿಟ್ಟು ‘ಬೋರ್ಡ್ ಹೋಗಿದೆ, ಹೊಸದು ಹಾಕ್ಸಿ’ ಅಂದರೆ ಮಷೀನನ್ನು ಇನ್ನೊಂದು ಅಂಗಡಿಗೆ ಒಯ್ಯಿರಿ.